ಹ್ಯಾಲೋವೀನ್ ಅಂಗಳಕ್ಕೆ ಮನೆಯಲ್ಲೇ ಮಾಡಿದ ದೆವ್ವ: ಯಾವುದು ಮಾಡಬೇಕು, ಯಾವುದು ಬಿಡಬೇಕು

ಹ್ಯಾಲೋವೀನ್ ಬರುವುದು ಅಕ್ಟೋಬರ್ 31ಕ್ಕೆ, ಆದರೆ ಅಮೆರಿಕದ ಬಡಾವಣೆಗಳಲ್ಲಿ ಸೆಪ್ಟೆಂಬರ್ ಮುಗಿಯುವ ಮೊದಲೇ ಹುಲ್ಲಿನ ಮೇಲೆ ಅಸ್ಥಿಪಂಜರಗಳು ಏಳುತ್ತವೆ. ಮನೆಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ "ನಮ್ಮ ಮನೆ ಮುಂದೆ ಮಾತ್ರ ಏನೂ ಇಲ್ಲ" ಅಂತ ಗಲಾಟೆ ಶುರುವಾಗುತ್ತದೆ. ಮನೆ ರಿಪೇರಿ ಸಾಮಾನಿನ ದೊಡ್ಡ ಅಂಗಡಿ ಹೋಮ್ ಡಿಪೋ 2020ರಲ್ಲಿ 12 ಅಡಿಯ ಅಸ್ಥಿಪಂಜರ ತಂದಾಗ ಅದರ ಬೆಲೆ 299 ಡಾಲರ್ ಇತ್ತು. ದುಡ್ಡು ಹೇಗೋ ಹೊಂದಿಸಬಹುದು. ಆದರೆ ನವೆಂಬರ್‌ನಿಂದ ಮುಂದಿನ ಸೆಪ್ಟೆಂಬರ್‌ವರೆಗೆ ಆ ಆಸಾಮಿಯನ್ನು ಮಲಗಿಸುವುದು ಎಲ್ಲಿ?

ಮನೆಯಲ್ಲೇ ಮಾಡೋಣ ಅಂತ ಹೊರಟರೆ ದಾರಿಗಳು ಬಹಳ. ಬಟ್ಟೆ ದೆವ್ವ, ಫೋಮ್ ಗೋರಿಕಲ್ಲು, ಕೋಳಿಗೂಡಿನ ತಂತಿಬಲೆಯ ದೆವ್ವ, ಚರ್ಮ ಕಟ್ಟಿದ ಅಸ್ಥಿಪಂಜರ, ಕುಂಬಳಕಾಯಿ, ಹೊಗೆ ಯಂತ್ರ. ವಿಡಿಯೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಯಾಕೆಂದರೆ ಕ್ಯಾಮೆರಾ ಅವುಗಳಿಂದ ಎರಡು ಅಡಿ ದೂರದಲ್ಲಿರುತ್ತದೆ.

ಆ ಸಂಜೆ ಕ್ಯಾಂಡಿ ಕೇಳಲು ನಿಮ್ಮ ಮನೆಗೆ ಬರುವ ಮಕ್ಕಳು ಇರುವುದು ರಸ್ತೆ ಬದಿಯ ಫುಟ್‌ಪಾತ್, ಅಂದರೆ ಸೈಡ್‌ವಾಕ್‌ನಲ್ಲಿ, 20–30 ಅಡಿ ಆಚೆ, ಕತ್ತಲಲ್ಲಿ. ಏನನ್ನಾದರೂ ಕೊಳ್ಳುವ ಮುಂಚೆ ಒಂದು ಸಂಜೆ ನೀವೂ ಅಲ್ಲಿ ಹೋಗಿ ನಿಂತು ನಿಮ್ಮ ಮನೆಯನ್ನು ನೋಡಿ. ಆ ದೂರದಿಂದ ದೆವ್ವದ ಹಲ್ಲು, ಹುಬ್ಬು, ಕೆನ್ನೆಯ ಗಾಯ ಯಾವುದೂ ಕಾಣುವುದಿಲ್ಲ. ಕಾಣುವುದು ಆಕಾರ, ಮತ್ತೆ ಅದರ ಮೇಲೆ ಬಿದ್ದ ಬೆಳಕು. ಅಷ್ಟೇ. ಕೆಳಗೆ ಹೇಳುವ ಎಲ್ಲವನ್ನೂ ನಾನು ಇದೇ ಅಳತೆಗೋಲಿನಲ್ಲಿ ನೋಡಿದ್ದೇನೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆ: ಮಳೆ ಗಾಳಿ ಬಂದರೆ ಉಳಿಯುತ್ತಾ? ಹಬ್ಬ ಮುಗಿದ ಮೇಲೆ ಎಲ್ಲಿಡುವುದು?

ದೆವ್ವ: ಬಟ್ಟೆಯದೋ, ತಂತಿಯದೋ

ಮೊದಲ ವರ್ಷ ಮಾಡುವವರಿಗೆ ನನ್ನ ಉತ್ತರ ಒಂದೇ, ಟೊಮೆಟೊ ಕೇಜ್ ದೆವ್ವ. ಬೇಸಿಗೆಯಲ್ಲಿ ಹಿತ್ತಲಲ್ಲಿ ಟೊಮೆಟೊ, ಬದನೆ ಬೆಳೆಸುವ ಕನ್ನಡಿಗರ ಮನೆಗಳಲ್ಲಿ ಈ ತಂತಿಯ ಕೇಜ್‌ಗಳು ಇದ್ದೇ ಇರುತ್ತವೆ. ಅಕ್ಟೋಬರ್ ಹೊತ್ತಿಗೆ ಗಿಡ ಒಣಗಿ ಅವು ಖಾಲಿ ನಿಂತಿರುತ್ತವೆ. ಒಂದನ್ನು ತಲೆಕೆಳಗೆ ಮಾಡಿ. ಅಗಲದ ಬಳೆ ನೆಲಕ್ಕೆ, ಕಾಲುಗಳು ಮೇಲಕ್ಕೆ. ಆ ಕಾಲುಗಳನ್ನು ಸೇರಿಸಿ ಜಿಪ್ ಟೈ ಹಾಕಿ, ಚೂಪು ತುದಿಗಳ ಮೇಲೆ ಒಂದು ಹಳೇ ಚೆಂಡು ಸಿಕ್ಕಿಸಿದರೆ ತಲೆ ಆಯಿತು. ಒಳಗೆ ಎಲ್‌ಇಡಿ ಸರ ಸುತ್ತಿ ಮೇಲೆ ಬಿಳಿ ಬಟ್ಟೆ ಹೊದಿಸಿ. ನೆಲದ ಬಳೆಗೆ ಯು ಆಕಾರದ ಗಾರ್ಡನ್ ಪಿನ್ ಮೂರು ಕಡೆ ಚುಚ್ಚಿದರೆ ಗಾಳಿಗೆ ಹಾರುವುದಿಲ್ಲ.

ಬಟ್ಟೆಗೆ ಅಂಗಡಿಯ ಪಾಲಿಯೆಸ್ಟರ್ ಬೆಡ್‌ಶೀಟ್ ಬೇಡ. ಅದು ಸೆಟೆದು ನಿಲ್ಲುತ್ತದೆ, ಇಳಿಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ಮಡಚಿಟ್ಟ ಹಳೇ ಹತ್ತಿ ಪಂಚೆ ಇದ್ದರೆ ಅದನ್ನು ತೆಗೆಯಿರಿ. ತೆಳು ಬಟ್ಟೆ, ಬೆಳಕು ಚೆನ್ನಾಗಿ ಹಾಯುತ್ತದೆ, ನೆರಿಗೆ ತಾನೇ ಬೀಳುತ್ತದೆ. ಅಂಚಿನ ಜರಿ ಮಾತ್ರ ಒಳಕ್ಕೆ ಮಡಚಿ. ಸೈಡ್‌ವಾಕ್‌ನಿಂದ ನೋಡಿದರೆ ಒಳಗಿಂದ ಹೊಳೆಯುವ ಬಿಳಿ ಆಕಾರ ಒಂದು ಹುಲ್ಲಿನ ಮೇಲೆ ನಿಂತಿರುತ್ತದೆ. ಮೂರು ಇಟ್ಟರೆ ಒಂದಕ್ಕಿಂತ ಎಷ್ಟೋ ಮೇಲು, ಅದರಲ್ಲೂ ಎತ್ತರ ಬೇರೆ ಬೇರೆ ಇದ್ದರೆ. ಕಣ್ಣಿಗೆ ಕಪ್ಪು ಫೆಲ್ಟ್ ಸಾಕು. ಬಾಯಿ ಬೇಡ, ಬಾಯಿ ಬರೆದರೆ ದೆವ್ವ ಕಾರ್ಟೂನ್ ಆಗುತ್ತದೆ. ಹಬ್ಬ ಮುಗಿದ ಮೇಲೆ ಟೈ ಕತ್ತರಿಸಿ ಕೇಜ್‌ಗಳನ್ನು ಒಂದರೊಳಗೊಂದು ಸೇರಿಸಿಟ್ಟರೆ ಮೇ ತಿಂಗಳಲ್ಲಿ ಮತ್ತೆ ಟೊಮೆಟೊಗೆ.

ಎರಡನೇ ಬಗೆ ಗಂಜಿಯ ದೆವ್ವ. ಚೀಸ್‌ಕ್ಲಾತ್ ಅನ್ನುವ ಜಾಳು ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಬಾಟಲಿ ಮೇಲಿಟ್ಟ ಬಲೂನಿಗೆ ಹೊದಿಸಿ ಒಣಗಿಸುವುದು. ಒಣಗಿದ ಮೇಲೆ ಬಲೂನ್ ಒಡೆದರೆ ಒಳಗೆ ಏನೂ ಇಲ್ಲದ ದೆವ್ವ ತಾನಾಗಿ ನಿಲ್ಲುತ್ತದೆ. ಖರ್ಚು ಕಡಿಮೆ, ಚಿಕ್ಕ ಮಕ್ಕಳೂ ಮಾಡಬಹುದು. ಆದರೆ ಗಂಜಿ ಹಾಕಿದ ಪಂಚೆ ಮಳೆಗೆ ಸಿಕ್ಕರೆ ಏನಾಗುತ್ತದೋ ಇದಕ್ಕೂ ಅದೇ ಆಗುವುದು. ಸೂರಿನ ಕೆಳಗೆ, ವರಾಂಡದಲ್ಲಿ ತೂಗುಹಾಕುವುದಾದರೆ ಮಾತ್ರ ಮಾಡಿ.

ಮೂರನೆಯದು ತಂತಿಬಲೆಯದು. ಚಿಕನ್ ವೈರ್ ಅಂತ ಸುರುಳಿ ಸಿಗುತ್ತದೆ, ಆರು ಮೂಲೆಯ ಕಣ್ಣುಗಳ ಬಲೆ. ಅದನ್ನು ಬಗ್ಗಿಸಿ, ಸೊಂಟದಲ್ಲಿ ಹಿಂಡಿ, ಕೆಳಗೆ ಲಂಗದ ಹಾಗೆ ಹರಡಿ ಹೆಣ್ಣಿನ ಆಕಾರ ಮಾಡುತ್ತಾರೆ. ತಲೆ ಬೇಕೆಂದೇನಿಲ್ಲ. ಹಗಲು ಹೊತ್ತು ಅಲ್ಲೇನಿದೆ ಅಂತಲೇ ಗೊತ್ತಾಗುವುದಿಲ್ಲ. ರಾತ್ರಿ ಕೆಳಗಿಂದ ಒಂದು ನೀಲಿ ಬೆಳಕು ಬಿಟ್ಟರೆ ತಂತಿಗಳು ಮಾತ್ರ ಮಿನುಗಿ, ಆಚೆಯ ಮರ ಅವಳ ಮೈಯೊಳಗಿಂದ ಕಾಣುತ್ತದೆ. ಮನೆಯಲ್ಲಿ ಮಾಡಬಹುದಾದ ದೆವ್ವಗಳಲ್ಲಿ ಇದಕ್ಕಿಂತ ಚೆಂದದ್ದು ನಾನು ನೋಡಿಲ್ಲ. ನಮ್ಮ ಕಡೆಯ ಮೋಹಿನಿ ಕಥೆ ಕೇಳಿ ಬೆಳೆದವರಿಗಂತೂ ಒಂದು ಕ್ಷಣ ಜುಂ ಅನ್ನುತ್ತದೆ. ಸತು ಲೇಪ ಇರುವುದರಿಂದ ಮಳೆಗೆ ಅಂಜಬೇಕಾಗಿಲ್ಲ.

ಬೆಲೆ ತೆರಬೇಕಾದ್ದು ಕೈಗಳು. ಕತ್ತರಿಸಿದ ತುದಿ ಪ್ರತಿಯೊಂದೂ ಮುಳ್ಳು. ದಪ್ಪ ಚರ್ಮದ ಗ್ಲೌಸ್, ಪೂರ್ತಿ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇಲ್ಲದೆ ಕೈ ಹಾಕಬೇಡಿ. ತುದಿಗಳನ್ನೆಲ್ಲ ಇಕ್ಕಳದಿಂದ ಒಳಕ್ಕೆ ಬಗ್ಗಿಸಿ. ಮಕ್ಕಳು ಓಡಾಡುವ ದಾರಿಯಿಂದ ದೂರ ಇಡಿ. ಇನ್ನೊಂದು ತೊಂದರೆ, ಮಡಚಿಡಲು ಆಗುವುದಿಲ್ಲ. ಹಿತ್ತಲಲ್ಲಿ ಮರದ ಮರೆ ಇದ್ದವರಿಗೆ ಸರಿ. ಗ್ಯಾರೇಜ್‌ನಲ್ಲಿ ಈಗಾಗಲೇ ಕಾಲಿಡಲು ಜಾಗ ಇಲ್ಲದವರು ಇದನ್ನು ಬಿಟ್ಟುಬಿಡಿ.

ಗೋರಿಕಲ್ಲು: ಒಮ್ಮೆ ಮಾಡಿದರೆ ವರ್ಷಗಟ್ಟಲೆ

ದೆವ್ವ ಒಂದು ಮಧ್ಯಾಹ್ನದ ಕೆಲಸ. ಗೋರಿಕಲ್ಲಿಗೆ ಒಂದೆರಡು ವಾರಾಂತ್ಯ ಬೇಕು. ಆದರೆ ವರ್ಷ ವರ್ಷ ಸಾಮಾನು ಕೂಡಿಸುತ್ತಾ ಹೋಗುವ ಯೋಚನೆ ಇದ್ದರೆ ಇಲ್ಲಿಂದಲೇ ಶುರು ಮಾಡಿ.

ಬೇಕಾದ್ದು ಗೋಡೆಗೆ ಹಾಕುವ ಇನ್ಸುಲೇಷನ್ ಫೋಮ್. ಗುಲಾಬಿ ಅಥವಾ ನೀಲಿ ಬಣ್ಣದ ಗಟ್ಟಿ ಹಾಳೆ, 4 ಅಡಿ ಅಗಲ, 8 ಅಡಿ ಉದ್ದ. ಎರಡು ಇಂಚು ದಪ್ಪದ್ದು ತನ್ನಿ. ಒಂದು ಇಂಚಿನದು ಪಕ್ಕದಿಂದ ನೋಡಿದಾಗ ಹಲಗೆ ಅಂತ ಗೊತ್ತಾಗಿಬಿಡುತ್ತದೆ. ಒಂದು ಹಾಳೆಯಲ್ಲಿ 2 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಆರು ಕಲ್ಲು ಸಿಗುತ್ತವೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ಬಿಸಿ ರಾಜ್ಯಗಳ ಅಂಗಡಿಗಳಲ್ಲಿ ದಪ್ಪ ಹಾಳೆ ಸಿಗುವುದು ಕಷ್ಟ. ಅಲ್ಲಿಯವರು ತೆಳುವಾದ ಎರಡು ಹಾಳೆ ಅಂಟಿಸಿಕೊಳ್ಳಬೇಕು. ಬಿಳಿ ಕಾಳುಕಾಳಿನ ಥರ್ಮೋಕೋಲ್ ಅಗ್ಗ, ಆದರೆ ಕತ್ತರಿಸಿದಾಗ ಕಾಳು ಉದುರುತ್ತದೆ, ಅಕ್ಷರ ಕೆತ್ತಲು ಆಗುವುದಿಲ್ಲ.

ಉದ್ದ ಬ್ಲೇಡಿನ ಕಟ್ಟರ್‌ನಿಂದ ಆಕಾರ ಕತ್ತರಿಸಿ. ಅಕ್ಷರಗಳನ್ನು ಚಿಕ್ಕ ರೋಟರಿ ಟೂಲ್‌ನಲ್ಲಿ ಕೊರೆಯಬಹುದು. ಬಿಸಿ ಮಾಡಿದ ಸೋಲ್ಡರಿಂಗ್ ಕಡ್ಡಿಯಲ್ಲೂ ಆಗುತ್ತದೆ, ಆದರೆ ಹೊಗೆ ಕೆಟ್ಟದ್ದು, ಹೊರಗೆ ಕೂತು ಮಾಡಿ. ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ: ಬರಿ ಫೋಮ್ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡಿ. ಅದರಲ್ಲಿರುವ ದ್ರಾವಕ ಫೋಮನ್ನು ತಿಂದುಹಾಕುತ್ತದೆ. ಗೋಡೆಗೆ ಬಳಿಯುವ ಲೇಟೆಕ್ಸ್ ಪೇಂಟ್ ಹಾಕಿ. ಮೊದಲು ಪೂರ್ತಿ ಕಪ್ಪು. ಅದು ಒಣಗಿದ ಮೇಲೆ ಸ್ಪಂಜಿನಿಂದ ಬೂದು. ಆಮೇಲೆ ಬ್ರಷ್‌ನಲ್ಲಿ ಇದ್ದೂ ಇಲ್ಲದಷ್ಟು ಬಿಳಿ ಹಚ್ಚಿಕೊಂಡು ಅಂಚುಗಳ ಮೇಲೆ ಮಾತ್ರ ಸವರಿ. ಕೊನೆಗೆ ನೀರು ಬೆರೆಸಿದ ಕಪ್ಪನ್ನು ಮೇಲಿನಿಂದ ಇಳಿಬಿಡಿ, ನೂರು ಮಳೆಗಾಲ ಕಂಡ ಕಲ್ಲಾಗುತ್ತದೆ. ಕಲ್ಲಿನ ತರಿ ಬೇಕೆಂದರೆ ಕಪ್ಪಿನ ಬದಲು ಮೊದಲ ಕೋಟ್‌ಗೆ ಡ್ರೈಲಾಕ್ ಹಾಕುವವರಿದ್ದಾರೆ. ಅದು ಬೇಸ್‌ಮೆಂಟ್ ಗೋಡೆಗೆ ನೀರು ಜಿನುಗದ ಹಾಗೆ ಬಳಿಯುವ ಬಣ್ಣ.

ಅಂಟಿಸಲು ಹಾಟ್ ಗ್ಲೂ ಬೇಡ. ಬೇಸಿಗೆಯ ಅಟ್ಟದ ಬಿಸಿಗೆ ಅದು ಬಿಟ್ಟುಕೊಳ್ಳುತ್ತದೆ. ಫೋಮ್‌ಬೋರ್ಡ್‌ಗೆಂದೇ ಇರುವ ಅಂಟು ತನ್ನಿ.

ಫೋಮ್ ಮಳೆಗೆ ಜಗ್ಗುವುದಿಲ್ಲ, ಗಾಳಿಗೆ ಹಾರುತ್ತದೆ. ಹಿಂಬದಿಗೆ ಎರಡು ತುಂಡು ಪಿವಿಸಿ ಪೈಪ್ ಅಂಟಿಸಿ. ನೆಲಕ್ಕೆ ಎರಡು ಕಬ್ಬಿಣದ ಸರಳು ಹೊಡೆದು ಅದರ ಮೇಲೆ ಪೈಪ್ ಇಳಿಸಿದರೆ ಕಲ್ಲು ನಿಂತಿತು. ಸರಳು ಹೊಡೆಯುವ ಮುಂಚೆ ಸ್ಪ್ರಿಂಕ್ಲರ್ ಪೈಪ್ ಎಲ್ಲಿ ಹೋಗಿದೆ ನೋಡಿಕೊಳ್ಳಿ. ಗ್ಯಾಸ್, ಕೇಬಲ್ ಎಲ್ಲಿದೆ ಅಂತ ತಿಳಿಯದಿದ್ದರೆ 811ಕ್ಕೆ ಫೋನ್ ಮಾಡಿದರೆ ಬಂದು ಗುರುತು ಹಾಕಿಹೋಗುತ್ತಾರೆ. ಕಲ್ಲುಗಳನ್ನು ಸಾಲಾಗಿ ನಿಲ್ಲಿಸಬೇಡಿ. ಒಂದು ವಾಲಲಿ, ಒಂದು ಅರ್ಧ ಹೂತಿರಲಿ, ಬುಡಕ್ಕೆ ಒಣ ಎಲೆ ಸುರಿಯಿರಿ.

ಕಲ್ಲಿನ ಮೇಲೆ ಏನು ಬರೆಯುವುದು ಅನ್ನುವುದೇ ಮಜಾ ಭಾಗ. ಇಂಗ್ಲಿಷ್‌ನಲ್ಲಿ ಎಲ್ಲರೂ ಬರೆಯುತ್ತಾರೆ. ಒಂದರ ಮೇಲೆ ಕನ್ನಡದಲ್ಲಿ "ನಾಳೆ ಬಾ" ಅಂತ ಕೆತ್ತಿ ನೋಡಿ. ತೊಂಬತ್ತರ ದಶಕದ ಬೆಂಗಳೂರಿನ ಬಾಗಿಲುಗಳನ್ನು ನೆನಪಿಟ್ಟುಕೊಂಡವರು ಯಾರಾದರೂ ದಾರಿಯಲ್ಲಿ ಹೋದರೆ ಖಂಡಿತ ನಿಲ್ಲುತ್ತಾರೆ.

ಇಷ್ಟೆಲ್ಲ ಶ್ರಮ ಬೇಡ ಅನ್ನುವವರಿಗೆ ಡಾಲರ್ ಟ್ರೀ ಅನ್ನುವ ಅಗ್ಗದ ಅಂಗಡಿಯಲ್ಲಿ ಚಿಕ್ಕ ಫೋಮ್ ಗೋರಿಕಲ್ಲು ಸಿಗುತ್ತದೆ. ಹಾಗೇ ಚುಚ್ಚಿದರೆ ಆಟಿಕೆ. ಅದಕ್ಕೇ ಮೇಲೆ ಹೇಳಿದ ಬಣ್ಣದ ಕೆಲಸ ಮಾಡಿ ದೊಡ್ಡ ಕಲ್ಲುಗಳ ಹಿಂದೆ ನಿಲ್ಲಿಸಿದರೆ ಅಂಗಳ ಉದ್ದವಾಗಿ ಕಾಣುತ್ತದೆ, ಹಿಂದಿನವು ದೂರದಲ್ಲಿವೆ ಅನ್ನಿಸುತ್ತದೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ

ಇದನ್ನು ಯಾವ ಅಮೆರಿಕನ್ ಗೈಡೂ ಬರೆಯುವುದಿಲ್ಲ. ಅಕ್ಟೋಬರ್‌ನಲ್ಲಿ ಎಷ್ಟೋ ಮನೆಗಳಲ್ಲಿ ಊರಿಂದ ಬಂದ ಹಿರಿಯರು ಇರುತ್ತಾರೆ. "ಮನೆ ಬಾಗಿಲಲ್ಲಿ ಗೋರಿ ಕಟ್ಟೋದಾ? ಅದೂ ನವರಾತ್ರಿ ದೀಪಾವಳಿ ಮಧ್ಯ?" ಅಂದರೆ ವಾದ ಮಾಡಿ ಗೆಲ್ಲುವುದರಲ್ಲಿ ಅರ್ಥವಿಲ್ಲ. ಗೋರಿಕಲ್ಲಿನ ಯೋಜನೆ ಬದಿಗಿಟ್ಟು ಅವರ ಕೈಲೇ ಬೆದರುಬೊಂಬೆ ಮಾಡಿಸಿ.

ಎರಡು ಕೋಲು ಅಡ್ಡ ಕಟ್ಟಿ, ಹಳೇ ಪ್ಯಾಂಟು ಅಂಗಿ ತೊಡಿಸಿ, ಒಳಗೆ ಅಂಗಳದ ಒಣ ಎಲೆ ತುಂಬುವುದು. ತಲೆಗೆ ಕಪ್ಪು ಬಳಿದ ಮಡಕೆ ಅಥವಾ ಹೂವಿನ ಕುಂಡ, ಅದರ ಮೇಲೆ ಸುಣ್ಣದಂಥ ಬಿಳಿ ಬಣ್ಣದಲ್ಲಿ ದೊಡ್ಡ ಕಣ್ಣು, ಹಲ್ಲು. ಹೊಲದಲ್ಲಿ ಹಕ್ಕಿಗೆ ದೂರದಿಂದ ಕಾಣಲೆಂದೇ ಹುಟ್ಟಿದ ಆಕಾರ ಇದು. ಸೈಡ್‌ವಾಕ್‌ನ ಪರೀಕ್ಷೆಯಲ್ಲಿ ಇದು ಸುಲಭವಾಗಿ ಪಾಸಾಗುತ್ತದೆ. ಕಪ್ಪಿನ ಮೇಲೆ ಬಿಳಿ ಕಣ್ಣು ಅರೆಗತ್ತಲಲ್ಲೂ ಎದ್ದು ಕಾಣುತ್ತದೆ. ಹಿರಿಯರಿಗೂ ಅಡ್ಡಿಯಿಲ್ಲ, ಕಟ್ಟುತ್ತಿರುವ ಮನೆಗೆ ರಾಕ್ಷಸನ ಮುಖ ತೂಗುಹಾಕುವ ನಾಡಿನವರು ನಾವು. ಕೊನೆಗೆ ಎಲೆ ಸುರಿದು ಬಟ್ಟೆ ಮಡಚಿದರೆ ಇಡಲು ಜಾಗವೇ ಬೇಡ. ಮಳೆಗೆ ಎಲೆ ಕೊಳೆಯುತ್ತದೆ, ಅದಕ್ಕೆ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಆಮೇಲೆ ಅಂಗಿಯೊಳಗೆ ತುರುಕಿ.

ಅಸ್ಥಿಪಂಜರಕ್ಕೆ ಚರ್ಮ

ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ಪೇಂಟರ್‌ಗಳು ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಹೀಟ್ ಗನ್‌ನಿಂದ ಬಿಸಿ ಹೊಡೆಯುತ್ತಾರೆ. ಪ್ಲಾಸ್ಟಿಕ್ ಕುಗ್ಗಿ, ಹರಿದು, ಒಣಗಿದ ಚರ್ಮದ ಹಾಗೆ ಎಲುಬಿಗೆ ಅಂಟುತ್ತದೆ. ಮೇಲೆ ಕಂದು ವುಡ್ ಸ್ಟೇನ್ ಒರೆಸಿದರೆ ನಿಜಕ್ಕೂ ಅಸಹ್ಯ. ಹತ್ತಿರದಿಂದ ನೋಡಿದರೆ ಬೆಲೆಬಾಳುವ ಕೆಲಸ. 30 ಅಡಿಯಿಂದ ನೋಡಿದರೆ ಒಂದು ಕಂದು ಮುದ್ದೆ, ಸುಮ್ನೆ ಬಿಟ್ಟ ಬಿಳಿ ಎಲುಬುಗಳೇ ಅದಕ್ಕಿಂತ ಚೆನ್ನಾಗಿ ಕಾಣುತ್ತವೆ. ಹಾಗಾಗಿ ಇದು ಹುಲ್ಲಿಗಲ್ಲ, ಕ್ಯಾಂಡಿ ತಗೊಳ್ಳಲು ಮಕ್ಕಳು ಹತ್ತಿರ ಬರುವ ಬಾಗಿಲ ಪಕ್ಕದ ಕುರ್ಚಿಗೆ. ತೀರಾ ಚಿಕ್ಕ ಮಕ್ಕಳು ಜಾಸ್ತಿ ಇರುವ ಬೀದಿಯಾದರೆ ಅಲ್ಲಿಗೂ ಬೇಡ. ಪ್ಲಾಸ್ಟಿಕ್ ಕಾಯಿಸುವ ಕೆಲಸ ಬಯಲಲ್ಲಿ, ಮಾಸ್ಕ್ ಹಾಕಿಕೊಂಡೇ ಆಗಬೇಕು.

ಕುಂಬಳಕಾಯಿ

ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದವರು ಅಮೆರಿಕಕ್ಕೆ ಬಂದ ಮೇಲೆ ಕುಂಬಳಕಾಯಿ ಹಿಡಿದರು. ಹಾಗಾಗಿ ಇದಿಲ್ಲದೆ ಹ್ಯಾಲೋವೀನ್ ಇಲ್ಲ. ಆದರೆ ಅಲಂಕಾರವೆಲ್ಲ ಇದರ ಮೇಲೇ ನಿಲ್ಲಬಾರದು, ಕೊರೆದ ಕಾಯಿ ಕೆಲವೇ ದಿನದ ಅತಿಥಿ. 31ಕ್ಕೆ ಎರಡು ಮೂರು ದಿನ ಮುಂಚೆ ಕೊರೆಯಿರಿ, ಡಲ್ಲಾಸ್‌ನಂಥ ಕಡೆ ಹಿಂದಿನ ದಿನ. ಮೇಲೆ ಮುಚ್ಚಳ ಕತ್ತರಿಸುವ ಬದಲು ಬುಡದಲ್ಲಿ ತೂತು ಮಾಡಿದರೆ ತೊಟ್ಟು ಗಟ್ಟಿಯಾಗಿದ್ದು ಕಾಯಿ ಬೇಗ ಕುಸಿಯುವುದಿಲ್ಲ. ಮುಖದ ಕಡೆಯ ಗೋಡೆಯನ್ನು ಒಂದು ಇಂಚಿಗೆ ಕೆರೆದರೆ ಕೊರೆಯುವುದೂ ಸುಲಭ. ದೂರದಿಂದ ಕಾಣಬೇಕೆಂದರೆ ಕಣ್ಣು ಬಾಯಿ ದೊಡ್ಡದಾಗಿರಲಿ. ಕಾಗದದ ಮಾದರಿ ಅಂಟಿಸಿ ಕೊರೆಯುವ ಸೂಕ್ಷ್ಮ ಚಿತ್ರಗಳು ಬಾಗಿಲಿಗೆ ಬಂದವರಿಗೆ ಮಾತ್ರ. ಒಳಗೆ ಬ್ಯಾಟರಿ ದೀಪವೇ ಇಡಿ. ಮೇಣದಬತ್ತಿ, ಒಣ ಜೋಳದ ದಂಟು, ಉದ್ದ ಲಂಗದ ಮಕ್ಕಳು, ಈ ಮೂರೂ ಒಂದು ಕಡೆ ಸೇರಬಾರದು.

ಕೊರೆಯುವ ದೊಡ್ಡ ಕಾಯಿ ಪಲ್ಯಕ್ಕೆ ಆಗುವುದಿಲ್ಲ, ಬರೀ ನಾರು ನೀರು. ಹುಳಿಗೆ, ಪಲ್ಯಕ್ಕೆ ಚಿಕ್ಕ ಪೈ ಪಂಪ್ಕಿನ್ ಬೇರೆ ತನ್ನಿ. ಬೀಜ ಮಾತ್ರ ಎರಡರದ್ದೂ ಉಪ್ಪು ಖಾರ ಹಾಕಿ ಹುರಿದರೆ ರುಚಿ.

ಬಿಡಬಹುದಾದವು

ಪೊಟ್ಟಣದಲ್ಲಿ ಬರುವ, ಹಿಂಜಿ ಗಿಡಗಳ ಮೇಲೆ ಹರಡುವ ಜೇಡರ ಬಲೆಯನ್ನು ದಯವಿಟ್ಟು ಹೊರಗೆ ಹಾಕಬೇಡಿ. ಹಕ್ಕಿ, ಬಾವಲಿ ಅದಕ್ಕೆ ಸಿಕ್ಕಿಕೊಂಡು ಒದ್ದಾಡುತ್ತವೆ. ಗಿಡದಿಂದ ಬಿಡಿಸುವುದೂ ನರಕ. ಬಲೆ ಬೇಕೇ ಬೇಕೆಂದರೆ ದಪ್ಪ ಬಿಳಿ ಹಗ್ಗದಲ್ಲಿ ದೊಡ್ಡ ಕಣ್ಣಿನ ಬಲೆ ಹೆಣೆದು ಕಂಬಗಳ ನಡುವೆ ಕಟ್ಟಿ. ದೂರಕ್ಕೆ ಕಾಣುವುದೂ ಅದೇ.

ಹೊಗೆ ಯಂತ್ರ ಗಾಳಿಯಿಲ್ಲದ ರಾತ್ರಿ ಅದ್ಭುತ. ಯಂತ್ರದಿಂದ ಬರುವ ಹೊಗೆ ಬಿಸಿ ಇರುತ್ತದೆ, ಮೇಲಕ್ಕೆ ಹೋಗುತ್ತದೆ. ಐಸ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿದರೆ ತಣ್ಣಗಾಗಿ ನೆಲದ ಮೇಲೆ ಹರಿದು ಗೋರಿಕಲ್ಲುಗಳ ಬುಡ ಸುತ್ತುತ್ತದೆ. ಸ್ವಲ್ಪ ಗಾಳಿ ಬೀಸಿದರೂ ಎಲ್ಲ ಪಕ್ಕದ ಮನೆಗೆ. ಉಳಿದದ್ದೆಲ್ಲ ಆದ ಮೇಲೆ ದುಡ್ಡು ಮಿಕ್ಕಿದ್ದರೆ ಯೋಚಿಸಿ.

ಬೆಳಕಿಗೆ ಮಾತ್ರ ಜಿಪುಣತನ ಬೇಡ

ಅಂಗಳಕ್ಕೆ 100 ಡಾಲರ್ ಇಟ್ಟುಕೊಂಡಿದ್ದರೆ ನಾನು ಅರ್ಧದಷ್ಟನ್ನು ಬೆಳಕಿಗೆ ಹಾಕುತ್ತೇನೆ. ನಾಲ್ಕು ಒಳ್ಳೆಯ ಗೋರಿಕಲ್ಲು ವರಾಂಡದ ಬಿಳಿ ಬಲ್ಬಿನ ಕೆಳಗೆ ಫೋಮ್‌ನ ಹಾಗೇ ಕಾಣುತ್ತವೆ. ಆ ಬಲ್ಬ್ ಆರಿಸಿ, ನೆಲದಿಂದ ಓರೆಯಾಗಿ ಒಂದು ಚಿಕ್ಕ ಎಲ್‌ಇಡಿ ಸ್ಪಾಟ್ ಬಿಟ್ಟರೆ ಅಕ್ಷರದ ಗುಂಡಿಗಳಲ್ಲಿ ನೆರಳು ಕೂತು ಕಲ್ಲಾಗುತ್ತವೆ. ಇಡೀ ಅಂಗಳಕ್ಕೆ ನೀಲಿ, ಒಂದೇ ಒಂದು ಜಾಗಕ್ಕೆ ಕಿತ್ತಳೆ ಅಥವಾ ಹಸಿರು. ನಾಲ್ಕು ಬಣ್ಣ ಬೆರೆತರೆ ಆರ್ಕೆಸ್ಟ್ರಾ ವೇದಿಕೆ ಆಗುತ್ತದೆ. ಮಕ್ಕಳು ನಡೆಯುವ ಮೆಟ್ಟಿಲು, ದಾರಿಗೆ ಬೇರೆ ಸಣ್ಣ ದೀಪ ಇರಲೇಬೇಕು. ಹೊರಗಿನ ಬಳಕೆಗೆಂದು ಬರೆದ ಎಕ್ಸ್‌ಟೆನ್ಷನ್ ಕಾರ್ಡನ್ನೇ ಬಳಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಜಿಎಫ್‌ಸಿಐ ಇರುವ ಪ್ಲಗ್ಗಿಗೇ ಹಾಕಿ.

ದೀಪದ ಸರ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ಬೇಡ, ಬೆಚ್ಚನೆಯ ಬಿಳಿ ತನ್ನಿ. 2024ರಲ್ಲಿ ನರಕ ಚತುರ್ದಶಿ ಬಂದದ್ದು ಅಕ್ಟೋಬರ್ 31ರಂದೇ. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವ. ಅಂಥ ವರ್ಷ ದೆವ್ವದ ಹೊಟ್ಟೆಯಿಂದ ಸರ ಬಿಚ್ಚಿ ಬಾಗಿಲಿಗೆ ಕಟ್ಟಿದರೆ ದೀಪಾವಳಿಗೂ ಆಯಿತು, ಅಲ್ವಾ?

ನಿಮ್ಮೂರು ಯಾವುದು?

ಅಕ್ಟೋಬರ್ 31ರಂದು ಡಲ್ಲಾಸ್‌ನಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದು 2007ರಿಂದ ನವೆಂಬರ್‌ನ ಮೊದಲ ಭಾನುವಾರ, ಹಾಗಾಗಿ ಹ್ಯಾಲೋವೀನ್‌ಗೆ ಬೇಗ ಕತ್ತಲಾಗುವುದೂ ಇಲ್ಲ. ಪುಟ್ಟ ಮಕ್ಕಳೆಲ್ಲ ಬೆಳಕಿನಲ್ಲೇ ಬಂದು ಹೋಗುತ್ತಾರೆ. ಅಲ್ಲಿ ತಂತಿಬಲೆಯ ದೆವ್ವ ಅರ್ಧ ಸಂಜೆ ವ್ಯರ್ಥ. ಗೋರಿಕಲ್ಲು, ಬೆದರುಬೊಂಬೆ ಹಗಲಲ್ಲೂ ಕಾಣುತ್ತವೆ.

ಸಿಯಾಟಲ್‌ನವರು ಮಳೆ ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿ. ಫೋಮ್ ಮತ್ತು ತಂತಿ ನಿಮ್ಮವು. ನೆನೆದ ಪಂಚೆ ಕೇಜಿಗೆ ಅಂಟಿ ಸೊರಗುತ್ತದೆ, ಬಟ್ಟೆ ದೆವ್ವವನ್ನು ಆ ದಿನ ಸಂಜೆ ಹೊರಗಿಡಿ. ಶಿಕಾಗೋದ ಗಾಳಿಗೆ ಹಗುರದ್ದು ಯಾವುದೂ ಪಿನ್ ಇಲ್ಲದೆ ನಿಲ್ಲುವುದಿಲ್ಲ. ಅಲ್ಲಿ ಗೋಣಿ ಬಟ್ಟೆಯನ್ನು ಗೋಡೆಯ ಸಂದಿಗೆ ಮೆತ್ತುವ ಜಾಯಿಂಟ್ ಕಾಂಪೌಂಡ್ ಮತ್ತು ಲೇಟೆಕ್ಸ್ ಪೇಂಟ್ ಮಿಶ್ರಣದಲ್ಲಿ ಅದ್ದಿ ಗಟ್ಟಿ ಮಾಡುವ ಭಾರದ ಬೊಂಬೆಗಳೂ ಒಂದು ದಾರಿ. ಸಾಮಾನ್ಯ ಅಳತೆ 5 ಗ್ಯಾಲನ್ ಕಾಂಪೌಂಡ್‌ಗೆ 1 ಗ್ಯಾಲನ್ ಪೇಂಟ್. ಎತ್ತಲು ಇಬ್ಬರು ಬೇಕು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮಳೆ ಭಯ ಕಡಿಮೆ, ಒಣ ಹುಲ್ಲಿಗೆ ಬೆಂಕಿಯ ಭಯ ಜಾಸ್ತಿ. ಹುಲ್ಲಿನ ಪಿಂಡಿ, ಜೋಳದ ದಂಟು ಕೈಬಿಡಿ.

ನ್ಯೂಜೆರ್ಸಿಯವರಿಗೆ ಎಲೆ ಪುಕ್ಕಟೆ, ಹವಾಮಾನ ಮಾತ್ರ ನಂಬಿಕೆಗೆ ಅರ್ಹವಲ್ಲ. 2011ರಲ್ಲಿ ಅಕ್ಟೋಬರ್ 29ಕ್ಕೇ ಹಿಮ ಬಿತ್ತು. ಮರುವರ್ಷ ಸ್ಯಾಂಡಿ ಚಂಡಮಾರುತ ಬಂದು, ರಾಜ್ಯದ ಗವರ್ನರ್ ಹ್ಯಾಲೋವೀನನ್ನೇ ನವೆಂಬರ್ 5ಕ್ಕೆ ಮುಂದೂಡಿ ಆದೇಶ ಹೊರಡಿಸಿದರು. ಹತ್ತು ನಿಮಿಷದಲ್ಲಿ ಬಿಚ್ಚಿ ಒಳಗೆ ತರಬಹುದಾದ ಸಾಮಾನೇ ಅಲ್ಲಿಗೆ ಲೇಸು. ಸರಳಿನಿಂದ ಎತ್ತಿಕೊಳ್ಳುವ ಗೋರಿಕಲ್ಲು, ಕೇಜ್ ದೆವ್ವ ಎರಡೂ ಹಾಗೆ ಬರುತ್ತವೆ.

ಅಪಾರ್ಟ್‌ಮೆಂಟಿನವರಿಗೆ ಅಂಗಳವಿಲ್ಲ, ಕಿಟಕಿ ಇದೆ. ಕಪ್ಪು ಚಾರ್ಟ್ ಪೇಪರ್‌ನಲ್ಲಿ ಆಳೆತ್ತರದ ಆಕಾರ ಕತ್ತರಿಸಿ ಗಾಜಿಗೆ ಅಂಟಿಸಿ, ಹಿಂದೆ ಬಿಳಿ ಪರದೆ ಬಿಟ್ಟು ದೀಪ ಹಚ್ಚಿ. ಖರ್ಚು ಏನೂ ಇಲ್ಲ ಅನ್ನುವಷ್ಟು. ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ ಇರುವ ಬಡಾವಣೆಯವರು ಎಷ್ಟು ದಿನ ಮುಂಚೆ ಇಡಬಹುದು, ಯಾವಾಗ ತೆಗೆಯಬೇಕು ಅನ್ನುವ ನಿಯಮ ಮೊದಲೇ ಓದಿಕೊಳ್ಳಿ.

ಫೋಮ್, ಬಣ್ಣ, ತಂತಿಗೆ ವರ್ಷವಿಡೀ ಬೆಲೆ ಹೆಚ್ಚುಕಡಿಮೆ ಒಂದೇ, ಯಾವಾಗ ಬೇಕಾದರೂ ತನ್ನಿ. ಸ್ಪಾಟ್ ದೀಪ, ಪ್ಲಾಸ್ಟಿಕ್ ಅಸ್ಥಿಪಂಜರ ಮಾತ್ರ ನವೆಂಬರ್ 1ಕ್ಕೆ ಕಾದು ಮುಂದಿನ ವರ್ಷಕ್ಕೆಂದು ಕೊಳ್ಳಿ. ಅಂದು ಬೆಳಗ್ಗೆ ಎಷ್ಟೋ ಅಂಗಡಿಗಳಲ್ಲಿ ಅವು ಅರ್ಧ ಬೆಲೆಗೆ ಇಳಿದಿರುತ್ತವೆ. ಸಂಜೆ ರಾಜ್ಯೋತ್ಸವದ ಕಾರ್ಯಕ್ರಮ ಇದ್ದರೆ ಅಂಗಡಿಗೆ ಬೆಳಗ್ಗೆಯೇ ಹೋಗಿಬನ್ನಿ.